ಕಿತಾಪತಿಯವರ ಪತ್ರಿಕೆ

ಮುಳ್ಳನ್ಕೊಲ್ಲಿಯಲ್ಲಿ ಮೊಬೈಲು ಹಿಡಿದುಕೊಂಡು ಹೊಳೆಯ ಕಡೆ ನಡೆದರೆ ಅದಕ್ಕೆ ತಾನು ಯಾವ ರಾಜ್ಯದಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತದೆ. ಪೆರಿಕ್ಕಲ್ಲೂರಿನ ಕಡವಿನಲ್ಲಿ ನಿಂತವರ ಎದುರಿಗೆ ಕಬಿನಿ, ಕಬಿನಿಯ ಆಚೆ ಎಚ್.ಡಿ. ಕೋಟೆ ತಾಲ್ಲೂಕಿನ ಬೈರಕುಪ್ಪೆ. ಮನುಷ್ಯ ಕೇರಳದ ಮಣ್ಣಿನ ಮೇಲೆ ನಿಂತಿದ್ದರೂ ಫೋನು ಕರ್ನಾಟಕದ ಟವರು ಹಿಡಿದು ಸ್ವಾಗತದ ಸಂದೇಶ ತರಿಸಿಕೊಳ್ಳುತ್ತದೆ. ರೋಮಿಂಗಿಗೆಂದು ಬೇರೆಯೇ ದುಡ್ಡು ಕೀಳುತ್ತಿದ್ದ ಕಾಲದಲ್ಲಿ ಕರೆ ಬಂದೊಡನೆ ಜನ ಹೊಳೆಗೆ ಬೆನ್ನು ತಿರುಗಿಸಿ, ಏರು ಹತ್ತುತ್ತ, ಏದುಸಿರಿನಲ್ಲೇ ಮಾತಾಡುತ್ತಿದ್ದರು. ಎರಡು ದಡಗಳ ನಡುವೆ ಸೇತುವೆಯ ಮಾತು ದಶಕಗಳಿಂದ ಇದೆ. ಮಾತಿನ ಮೇಲೆ ನಡೆದು ಹೋಗಲು ಬಾರದ ಕಾರಣ ದೋಣಿಯೂ ಇದೆ.

ಕೇರಳದ ಹೊಳೆಗಳೆಲ್ಲ ಪಡುವಣಕ್ಕೆ ಓಡಿದರೆ ಮೂರೇ ಮೂರು ಮೂಡಣಕ್ಕೆ ಹರಿಯುತ್ತವೆ. ಕಬಿನಿ ಅದರಲ್ಲೊಂದು. ನನ್ನ ಸೋದರಮಾವನೂ ಸ್ವಭಾವದಲ್ಲಿ ಅದೇ ಪಂಗಡಕ್ಕೆ ಸೇರಿದವನು. ಊರೆಲ್ಲ ಮೆಣಸು ನೆಡುವಾಗ ಅವನೂ ನೆಟ್ಟ ನಿಜ. ಆದರೆ 1990ರ ದಶಕದ ಕೊನೆಯಲ್ಲಿ ಮೆಣಸಿಗೆ ಬಂಗಾರದ ಬೆಲೆ ಬಂದಾಗ ಊರವರು ಜೀಪು ಕೊಂಡರೆ ಅವನು ಮಗನಿಗೆ ಕಂಪ್ಯೂಟರು ಕೊಂಡ. ಆಮೇಲೆ ಸೊರಗು ರೋಗ ಬಂದು ಪುಲ್ಪಳ್ಳಿ, ಮುಳ್ಳನ್ಕೊಲ್ಲಿ ಕಡೆಯ ಮೆಣಸಿನ ಬಳ್ಳಿಗಳು ತೋಟ ತೋಟವೇ ಒಣಗಿದವು. ಜೀಪುಗಳು ಮಾರಾಟವಾದವು. ಹಳೆಯ ಕಂಪ್ಯೂಟರನ್ನು ಯಾರೂ ಕೊಳ್ಳುವುದಿಲ್ಲವಾದ್ದರಿಂದ ಅದು ಉಳಿಯಿತು, ಜೊತೆಗೆ ಅದರ ಪತ್ರಿಕೆಗಳ ಕಟ್ಟುಗಳೂ.

ಆ ಕಟ್ಟುಗಳು ಈಗ ಅಟ್ಟದ ಮೇಲೆ, ಮೆಣಸಿನ ಖಾಲಿ ಚೀಲಗಳ ಪಕ್ಕದಲ್ಲಿವೆ. ಪಿಸಿ ಕ್ವೆಸ್ಟ್, ಡಿಜಿಟ್, 2003ರಲ್ಲಿ ಶುರುವಾದ ಲಿನಕ್ಸ್ ಫಾರ್ ಯೂ. ರದ್ದಿಯವನು ಬಂದಾಗಲೆಲ್ಲ ಅತ್ತೆ ಅಟ್ಟದ ಕಡೆ ಕೈ ತೋರಿಸುತ್ತಾಳೆ, ಮಾವ ಅಡ್ಡ ನಿಲ್ಲುತ್ತಾನೆ. ‘ಮೆಣಸು ಮಾರಿ ತಂದದ್ದು, ಕಾಗದದ ತೂಕಕ್ಕೆ ಕೊಟ್ಟರೆ ಮೆಣಸಿಗೆ ಅವಮಾನ’ ಎನ್ನುವುದು ಅವನ ವಾದ. ಅವನ್ನು ಓದುತ್ತಿದ್ದ ಮಗ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕೆಲಸ ಸಿಕ್ಕಿದ ಮೇಲೆ ಕಂಪ್ಯೂಟರಿನ ಮುಚ್ಚಳ ತೆಗೆದು ನೋಡಿಲ್ಲ. ಅದಕ್ಕೆ ಪ್ರತ್ಯೇಕ ವಿಭಾಗ ಇದೆಯಂತೆ.

ನಾನು ಮೈಸೂರಿನಿಂದ ಹೋದಾಗ ಆ ಅಟ್ಟ ಹತ್ತುತ್ತೇನೆ. ಹತ್ತದೆ ವಿಧಿಯಿಲ್ಲ. ಸಂಜೆ ಆರಕ್ಕೆ ನಾಗರಹೊಳೆ ಕಾಡಿನ ಬಾವಲಿ ರಸ್ತೆಗೆ ಗೇಟು ಬೀಳುತ್ತದೆ, ಮತ್ತೆ ತೆಗೆಯುವುದು ಬೆಳಗ್ಗೆ ಆರಕ್ಕೇ. ಅಲ್ಲಿಯವರೆಗೆ ನೆಂಟ ನೆಂಟನಾಗಿಯೇ ಇರಬೇಕು. ಆನೆ ಎಲ್ಲೋ ತೆಂಗು ಬೀಳಿಸಿ ತಂತಿ ಹರಿದರೆ ಟಿವಿಯೂ ಇಲ್ಲ, ನೆಟ್ಟೂ ಇಲ್ಲ. ಕರೆಂಟಿಲ್ಲದ ಊರಿನಲ್ಲಿ ಟಾರ್ಚು ಹಿಡಿದು ಕಂಪ್ಯೂಟರಿನ ಬಗ್ಗೆ ಓದುವುದರಲ್ಲಿ ಒಂದು ಬಗೆಯ ವೈರಾಗ್ಯವಿದೆ.

ಹೀಗೆ ಓದುತ್ತ ಓದುತ್ತ ನನಗೆ ಹೊಳೆದದ್ದು, ಕಂಪ್ಯೂಟರ್ ಪತ್ರಿಕೆಗಳಲ್ಲಿ ಎರಡು ಜಾತಿ. ಒಂದು, ಏನು ಕೊಳ್ಳಬೇಕೆಂದು ಹೇಳುವಂಥದ್ದು. ಇನ್ನೊಂದು, ಕೊಂಡದ್ದನ್ನು ಹೇಗೆ ಕೆಡಿಸಬಹುದೆಂದು ಹೇಳುವಂಥದ್ದು. ಮೊದಲನೆಯದು ಬೇಗ ಹಳಸುತ್ತದೆ. 2001ರ ‘ಅತ್ಯುತ್ತಮ ಹತ್ತು ಪ್ರಿಂಟರು’ಗಳನ್ನು ಇವತ್ತು ಓದುವುದು ತೀರಿಹೋದವರ ಜಾತಕ ನೋಡಿದಂತೆ. ಎರಡನೆಯದಕ್ಕೆ ವಯಸ್ಸಾಗುವುದಿಲ್ಲ.

ಆ ಕಟ್ಟಿನ ಪತ್ರಿಕೆಗಳು ಅಂಗಡಿ ಮಾಲಿನವೇ, ಅರ್ಧ ಜಾಹೀರಾತು. ಆದರೂ ಪಿಸಿ ಕ್ವೆಸ್ಟ್ ಒಂದು ಪುಣ್ಯದ ಕೆಲಸ ಮಾಡಿತು. 1996ರಿಂದ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯಾಚರಣ ವ್ಯವಸ್ಥೆಯ ಸಿಡಿ ಕೊಡತೊಡಗಿತು. ಇದರ ಬೆಲೆ ಈಗಿನ ಮಕ್ಕಳಿಗೆ ತಿಳಿಯಬೇಕಾದರೆ ಒಂದು ಲೆಕ್ಕ ಹಾಕಬೇಕು. ಒಂದು ಸಿಡಿ ಎಂದರೆ 650 ಎಂಬಿ. ಆಗಿನ ಡಯಲ್ ಅಪ್ ಮೋಡೆಮ್ಮಿನ ಗರಿಷ್ಠ ವೇಗ, ಡಬ್ಬದ ಮೇಲೆ ಬರೆದಿದ್ದ ಪ್ರಕಾರ, 56 ಕೆಬಿಪಿಎಸ್. ಅಷ್ಟೂ ವೇಗ ಸಿಕ್ಕರೆ ಒಂದು ಸಿಡಿಯಷ್ಟು ಇಳಿಸಿಕೊಳ್ಳಲು 26 ತಾಸು ಬೇಕು, ಆ 26 ತಾಸಿನಲ್ಲಿ ಒಮ್ಮೆಯೂ ಲೈನು ಕಡಿಯಬಾರದು, ಮನೆಯಲ್ಲಿ ಯಾರೂ ಯಾರಿಗೂ ಫೋನು ಮಾಡಬಾರದು. ಮುಳ್ಳನ್ಕೊಲ್ಲಿಗೆ ಲಿನಕ್ಸ್ ತಂದುಕೊಟ್ಟದ್ದು ಇಂಟರ್ನೆಟ್ಟಲ್ಲ, ಬಸ್ಸು.

ಎರಡನೇ ಜಾತಿಯ ಪತ್ರಿಕೆಗಳ ವಂಶವೃಕ್ಷ ಹುಡುಕುತ್ತ ಹೋದರೆ ಕಾಲಿಫೋರ್ನಿಯಾದಲ್ಲಿ 1972ರಲ್ಲಿ ಬಾಬ್ ಆಲ್ಬ್ರೆಕ್ಟ್ ಮತ್ತು ಗೆಳೆಯರು ಹೊರಡಿಸಿದ ‘ಪೀಪಲ್ಸ್ ಕಂಪ್ಯೂಟರ್ ಕಂಪನಿ’ ಎಂಬ ಹಾಳೆ ಸಿಗುತ್ತದೆ. ಹೆಸರಿಗೆ ಕಂಪನಿ, ನಿಜಕ್ಕೆ ಪತ್ರಿಕೆ. ಅದರ ಕುಡಿ 1976ರ ಜನವರಿಯಲ್ಲಿ ಹುಟ್ಟಿದ ‘ಡಾಕ್ಟರ್ ಡಾಬ್ಸ್ ಜರ್ನಲ್’. ಡಾಬ್ ಎಂಬ ಡಾಕ್ಟರು ಇರಲೇ ಇಲ್ಲ, ಡೆನಿಸ್ ಮತ್ತು ಬಾಬ್ ಎಂಬ ಎರಡು ಹೆಸರು ಬೆಸೆದು ಆತನನ್ನು ಹುಟ್ಟಿಸಿದ್ದರು. ಪೂರ್ತಿ ಹೆಸರಿನಲ್ಲಿ ಅಂಗಸಾಧನೆಯೂ ಇತ್ತು, ದಂತಪಂಕ್ತಿ ನೇರ್ಪಡಿಸುವ ವೈದ್ಯವೂ ಇತ್ತು. ನಮ್ಮ ಪಂಚಾಯತಿ ಲೈಬ್ರರಿಗೆ ಬಂದಿದ್ದರೆ ಖಂಡಿತ ಹಲ್ಲಿನ ಡಾಕ್ಟರ ಪುಸ್ತಕಗಳ ಜೊತೆ ಕೂರುತ್ತಿತ್ತು. ಮೂರು ಸಂಚಿಕೆ ತಂದು ನಿಲ್ಲಿಸೋಣ ಎಂದು ಹೊರಟಿದ್ದರು. ಅಚ್ಚಿನಲ್ಲಿ 2009ರವರೆಗೆ ಬಂತು. ನಮ್ಮಲ್ಲಿ ಶಾಶ್ವತವಾಗಿ ನಡೆಸುತ್ತೇವೆಂದು ದೀಪ ಹಚ್ಚಿ ಶುರುಮಾಡಿದ ಎಷ್ಟೋ ಪತ್ರಿಕೆಗಳು ಮೂರನೇ ಸಂಚಿಕೆ ನೋಡಿಲ್ಲ.

ಅದೇ 1976ರ ಫೆಬ್ರವರಿಯಲ್ಲಿ ಬಿಲ್ ಗೇಟ್ಸ್ ಎಂಬ ಇಪ್ಪತ್ತರ ಹುಡುಗ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದ. ನನ್ನ ಬೇಸಿಕ್ ಪ್ರೋಗ್ರಾಮನ್ನು ದುಡ್ಡು ಕೊಡದೆ ನಕಲು ಮಾಡಿಕೊಳ್ಳುತ್ತೀರಿ, ಇದು ಕಳ್ಳತನ ಎಂಬುದು ಅದರ ಸಾರ. ಕೋಪ ನ್ಯಾಯವಾದದ್ದೇ. ಹವ್ಯಾಸಿಗಳಲ್ಲಿ ಕೆಲವರು ಜಗಳಕ್ಕೆ ಹೋಗದೆ, ನಿನ್ನ ಬೇಸಿಕ್ ನಿನಗಿರಲಿ ಎಂದು ತಮ್ಮದೇ ಪುಟ್ಟ ಬೇಸಿಕ್ ಬರೆದುಕೊಂಡು ಡಾಬ್ ಡಾಕ್ಟರ ಪತ್ರಿಕೆಯಲ್ಲಿ ಸಾಲು ಸಾಲಾಗಿ ಅಚ್ಚು ಹಾಕಿಸಿದರು. ಬೇಕಾದವರು ಕೈಯಲ್ಲಿ ಬಡಿದುಕೊಳ್ಳಬೇಕು. ಲೀ ಚೆನ್ ವಾಂಗ್ ಎನ್ನುವಾತ ಬರೆದದ್ದರ ತಲೆಯಲ್ಲಿ, ಎಲ್ಲ ಹಕ್ಕುಗಳನ್ನು ಕಾದಿರಿಸಿದೆ ಎಂಬ ಮಾಮೂಲು ಮಾತಿನ ಜಾಗದಲ್ಲಿ ‘ಕಾಪಿಲೆಫ್ಟ್, ಆಲ್ ರಾಂಗ್ಸ್ ರಿಸರ್ವ್ಡ್’ ಎಂದಿತ್ತು. ಜಾಗದ ಇಕ್ಕಟ್ಟಿನಿಂದ ಆ ಪುಟ್ಟ ಬೇಸಿಕ್ಕಿಗೆ ತಪ್ಪು ತಿಳಿಸಲು ಮೂರೇ ಮಾತು ಗೊತ್ತಿತ್ತು: ವಾಟ್, ಹೌ, ಸಾರಿ. ಬರೆದದ್ದು ಅರ್ಥವಾಗದಿದ್ದರೆ ಏನು ಎನ್ನುತ್ತಿತ್ತು. ಅರ್ಥವಾದರೂ ಮಾಡಲಾಗದಿದ್ದರೆ ಹೇಗೆ ಎನ್ನುತ್ತಿತ್ತು. ಜಾಗ ಸಾಲದಿದ್ದರೆ ಕ್ಷಮೆ ಕೇಳುತ್ತಿತ್ತು. ಸಾರ್ವಜನಿಕ ಸೇವೆಯಲ್ಲಿರುವ ಎಷ್ಟೋ ಕೌಂಟರುಗಳು ಮೊದಲ ಎರಡನ್ನು ಕಲಿತಿವೆ, ಮೂರನೆಯದು ಇನ್ನೂ ಬಂದಿಲ್ಲ.

ಈ ಮೂರು ಮಾತುಗಳು ಹಾಗೆಯೇ ತೇಲಿಕೊಂಡು ಯುಗೊಸ್ಲಾವಿಯಕ್ಕೆ ಹೋದವು. ಆ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1983ರಲ್ಲಿ ಆ ದೇಶಕ್ಕೆ ಹೊರಗಿನಿಂದ ಕಂಪ್ಯೂಟರು ತರಿಸಿಕೊಳ್ಳಲು ಕಟ್ಟುಪಾಡುಗಳಿದ್ದವು. ವೋಯಾ ಆಂಟೋನಿಚ್ ಎಂಬಾತ ರಜೆಗೆ ಹೋದವನು ಸಮುದ್ರಸ್ನಾನ ಮಾಡಿಕೊಂಡಿರದೆ, ಕಡಿಮೆ ಬಿಡಿಭಾಗಗಳಲ್ಲಿ ಮನೆಯಲ್ಲೇ ಬೆಸುಗೆ ಹಾಕಿಕೊಳ್ಳಬಹುದಾದ ಕಂಪ್ಯೂಟರಿನ ನಕ್ಷೆ ಬರೆದ. ಡೆಯಾನ್ ರಿಸ್ತಾನೊವಿಚ್ ಎಂಬ ಪತ್ರಕರ್ತ ಅದನ್ನು ‘ಗಲಾಕ್ಸಿಯಾ’ ಎಂಬ ವಿಜ್ಞಾನ ಪತ್ರಿಕೆಯ ವಿಶೇಷ ಸಂಚಿಕೆಯಲ್ಲಿ ತಂದ. ಕಂಪ್ಯೂಟರಿಗೂ ಪತ್ರಿಕೆಯ ಹೆಸರೇ ನಿಂತಿತು. ನಾಲ್ಕು ಜನ ಉಪದ್ವ್ಯಾಪಿಗಳು ಕಟ್ಟಿಯಾರು ಎಂದುಕೊಂಡಿದ್ದರೆ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಬಿಡಿಭಾಗಗಳ ಕಿಟ್ಟು ಬೇಕೆಂದು ಬರೆದರು. ಪ್ರೋಗ್ರಾಮು ಹಂಚುವುದು ಹೇಗೆ? ಬೆಲ್‌ಗ್ರೇಡ್ ರೇಡಿಯೋದಲ್ಲಿ ಜೋರಾನ್ ಮೋದ್ಲಿ ಎಂಬ ನಿರೂಪಕ ತನ್ನ ‘ವೆಂಟಿಲಾಟರ್ 202’ ಕಾರ್ಯಕ್ರಮದಲ್ಲಿ ಪ್ರೋಗ್ರಾಮುಗಳನ್ನು ಸದ್ದಿನ ರೂಪದಲ್ಲಿ ಪ್ರಸಾರ ಮಾಡಿದ. ಕೇಳುಗರು ಆ ಕೀರಲು ಕಿರಿಚಾಟವನ್ನು ಕ್ಯಾಸೆಟ್ಟಿಗೆ ಹಿಡಿದು ಕಂಪ್ಯೂಟರಿಗೆ ಉಣಿಸಿದರು.

ಇದನ್ನು ಓದಿದಾಗಿನಿಂದ ನನಗೊಂದು ಆಸೆ. ಮಾನಂತವಾಡಿಯ ಹತ್ತಿರ ದ್ವಾರಕದಲ್ಲಿ ‘ರೇಡಿಯೋ ಮಾಟ್ಟೊಲಿ’ ಎಂಬ ಸಮುದಾಯ ಬಾನುಲಿ 2009ರಿಂದ ಇದೆ. ಹೊಳೆಯ ಆಚೆ ಸರಗೂರಿನಲ್ಲಿ ನಮ್ಮ ‘ಜನಧ್ವನಿ’ ಇದೆ. ಸಂಜೆ ಕೃಷಿ ವಾರ್ತೆ ಮುಗಿದ ಮೇಲೆ ಐದು ನಿಮಿಷ ಇಂಥ ಕಿರಿಚಾಟ ಹಾಕಿದರೆ ಹೇಗೆ? ಮಾವನ ಅಭಿಪ್ರಾಯದಲ್ಲಿ ಪ್ರೋಗ್ರಾಮು ಯಾರಿಗಾದರೂ ಸಿಗಲಿ ಬಿಡಲಿ, ಕಾಡುಹಂದಿಯಂತೂ ಗೆಣಸಿನ ಹೊಲ ಬಿಟ್ಟು ಓಡುತ್ತದೆ.

ಇಂಥ ಪತ್ರಿಕೆಗಳ ಆಕರ್ಷಣೆ ಏನು ಎಂದು ಯಾರಾದರೂ ಕೇಳಿದರೆ ನಾನು ‘2600’ ಎಂಬ ಅಮೆರಿಕದ ತ್ರೈಮಾಸಿಕದ ರಕ್ಷಾಪುಟಗಳನ್ನು ತೋರಿಸುತ್ತೇನೆ. 1984ರಲ್ಲಿ ಶುರುವಾದ ಹ್ಯಾಕರುಗಳ ಪತ್ರಿಕೆ ಅದು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜನ್ನು ಮರುಳುಮಾಡಬಲ್ಲ ಸಿಳ್ಳೆಯ ಕಂಪನಸಂಖ್ಯೆಯೇ ಅದರ ಹೆಸರು. ಪೊಲೀಸರು ನಿಗಾ ಇಡಬೇಕಾದ ಪತ್ರಿಕೆ ಎಂದು ಬಿಡಿಸಿದರೆ ರಕ್ಷಾಪುಟದಲ್ಲಿ ಲೋಕದ ಬೇರೆ ಬೇರೆ ಊರುಗಳ ಪೇ ಫೋನುಗಳ ಫೋಟೋ! ಓದುಗರು ಪ್ರವಾಸ ಹೋದಲ್ಲಿ ಹೆಂಡತಿ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುವುದು ಬಿಟ್ಟು ಫೋನಿನ ಡಬ್ಬ ಹಿಡಿದು ಕಳಿಸುತ್ತಾರೆ. ಆ ಪ್ರೀತಿಗೆ ಕಾರಣ ಕೇಳಬಾರದು. ನಮ್ಮ ಎಸ್‌ಟಿಡಿ ಬೂತುಗಳ ಗಾಜಿನ ಗೂಡು, ಒಳಗಿನ ಕೆಂಪಂಕಿಯ ಮೀಟರು, ಹೊರಗೆ ಕಾಯುವವರ ಶಾಪ, ಇವನ್ನೆಲ್ಲ ಹಾಗೆ ಕೂಡಿಟ್ಟವರು ಯಾರು?

ಇನ್ನೊಂದು, ‘ಮ್ಯಾಗ್‌ಪೈ’. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಅಗ್ಗದ ಕಂಪ್ಯೂಟರು ಬಂದ 2012ರಲ್ಲೇ ಅದರ ಅಭಿಮಾನಿಗಳು ಸಂಬಳವಿಲ್ಲದೆ ಶುರುಮಾಡಿದ್ದು. ಮುಂದೆ ಅದನ್ನು ರಾಸ್ಪ್‌ಬೆರಿ ಪೈ ಸಂಸ್ಥೆಯೇ ವಹಿಸಿಕೊಂಡಿತು. 2015ರ ಡಿಸೆಂಬರ್ ಸಂಚಿಕೆಯ ಮುಖಪುಟಕ್ಕೆ ಒಂದು ಕಂಪ್ಯೂಟರನ್ನೇ ಅಂಟಿಸಿ ಮಾರಿದರು. ಐದು ಡಾಲರಿನ ಪೈ ಜೀರೋ. ಶಾಂಪೂ ಪೊಟ್ಟಣ ಅಂಟಿಸಿ ಕೊಡುವ ವಾರಪತ್ರಿಕೆಗಳನ್ನು ಕಂಡಿದ್ದ ನನಗೆ ಇದು ನಾಗರಿಕತೆಯ ಮುಂದಿನ ಹೆಜ್ಜೆಯಾಗಿ ಕಂಡಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗಿನ್‌ವೆಲ್ ಕೋಲ್ಡ್‌ವಿಂಡ್ ಎಂಬ ಹೆಸರಿನಲ್ಲಿ ಬರೆಯುವ ಪೋಲೆಂಡಿನ ತಜ್ಞನೊಬ್ಬ 2019ರಲ್ಲಿ ಶುರುಮಾಡಿದ ‘ಪೇಜ್ಡ್ ಔಟ್’. ಪುಕ್ಕಟೆ. ಅದರ ನಿಯಮ ಒಂದೇ: ಒಂದು ಲೇಖನಕ್ಕೆ ಒಂದು ಪುಟ. ಹೇಳುವುದನ್ನು ಅಷ್ಟರಲ್ಲಿ ಹೇಳಿ ಮುಗಿಸಬೇಕು. ಪೀಠಿಕೆಗೆ ಜಾಗವಿಲ್ಲ, ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಆರಂಭಿಸುವವರಿಗೆ ಪುಟ ಅಲ್ಲೇ ತೀರಿಹೋಗುತ್ತದೆ. ಕನ್ನಡದ ಸಭೆಗಳಲ್ಲಿ ಸ್ವಾಗತ ಭಾಷಣ ಮಾಡುವವರಿಗೂ ಈ ನಿಯಮ ಅನ್ವಯಿಸುವಂತೆ ಯಾರಾದರೂ ಮಾಡಬೇಕು.

ಈ ಯಾವ ಪತ್ರಿಕೆಯೂ ಓದುಗನಿಗೆ ಉಪಕಾರ ಮಾಡುತ್ತೇನೆಂದು ಹೊರಟದ್ದಲ್ಲ. ವೃತ್ತಿಯಲ್ಲಿ ಬಡ್ತಿ, ಮೂವತ್ತು ದಿನದಲ್ಲಿ ಪರಿಣತಿ, ಇವುಗಳ ಮಾತೇ ಇಲ್ಲ. ನಾನೊಂದು ಕಿತಾಪತಿ ಮಾಡಿದೆ, ಹೀಗಾಯಿತು, ನೀವೂ ನೋಡಿ ಎಂಬ ಧಾಟಿ. ಓದುಗನ ಹತ್ತಿರ ಒಂದು ಸ್ಕ್ರೂಡ್ರೈವರೂ ಒಂದು ಭಾನುವಾರವೂ ಇವೆ ಎಂದು ಅವು ನಂಬುತ್ತವೆ. ಆ ನಂಬಿಕೆಯಿಂದಲೇ ಓದುಗ ಸ್ವಲ್ಪ ಬೆಳೆಯುತ್ತಾನೆ. ನೆಟ್ಟಿನಲ್ಲಿ ಎಲ್ಲವೂ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಹುಡುಕಿದ್ದೆಲ್ಲ ಇದೆ. ಹುಡುಕಬೇಕೆಂದೇ ಹೊಳೆಯದ್ದು ಮಾತ್ರ ಪುಟ ತಿರುವಿದಾಗಲೇ ಸಿಗುವುದು. ಅಲ್ಲದೆ ಪತ್ರಿಕೆಗೆ ಕೊನೆಯ ಪುಟ ಅಂತ ಒಂದಿರುತ್ತದೆ. ಮುಗಿಸಿ ಮಲಗಬಹುದು.

ಕನ್ನಡದಲ್ಲಿ ಕಂಪ್ಯೂಟರ್ ಕಿತಾಪತಿ ಮಾಡಿದವರಿಗೆ ಬರವೇನಿಲ್ಲ. ಇವತ್ತು ನಾವು ಕುಟ್ಟುವ ಕೀಲಿಮಣೆಯ ವಿನ್ಯಾಸ ಕೊಟ್ಟ ಕಿನ್ನಿಕಂಬಳದ ಕೆ.ಪಿ. ರಾವ್, 1996ರಲ್ಲೇ ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆ ತೆಗೆದ ಯು.ಬಿ. ಪವನಜ, 1998ರಲ್ಲಿ ‘ಬರಹ’ ತಂದ ಶೇಷಾದ್ರಿವಾಸು, 2007ರಿಂದ ‘ಇಜ್ಞಾನ’ ನಡೆಸುತ್ತಿರುವ ಟಿ.ಜಿ. ಶ್ರೀನಿಧಿ. ಮೂಡಿಗೆರೆಯ ತೋಟದಲ್ಲಿ ಮೀನು ಹಿಡಿದುಕೊಂಡು ಸುಖವಾಗಿರಬಹುದಾಗಿದ್ದ ಪೂರ್ಣಚಂದ್ರ ತೇಜಸ್ವಿ ಕೂಡ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶ, ಕನ್ನಡ ತಂತ್ರಾಂಶ ಎಂದು ಎಲ್ಲರ ನಿದ್ದೆ ಕೆಡಿಸಿದರು. ಆದರೆ ಬಸ್ ನಿಲ್ದಾಣದ ಅಂಗಡಿಯಲ್ಲಿ ನಿಂತು ಕಣ್ಣಾಡಿಸಿದರೆ ಭವಿಷ್ಯ, ಅಡುಗೆ, ಸ್ಪರ್ಧಾ ಪರೀಕ್ಷೆ ಎಲ್ಲಕ್ಕೂ ಪತ್ರಿಕೆಯಿದೆ. ಕಂಪ್ಯೂಟರನ್ನು ಬಿಚ್ಚಿ ಕೂರುವವರಿಗೆ ಕನ್ನಡದಲ್ಲಿ ಒಂದು ಕಾಗದದ ತುಣುಕೂ ಕಣ್ಣಿಗೆ ಬೀಳುವುದಿಲ್ಲ.

ಇಂಥದ್ದು ನಮ್ಮವರ ಕೈಲಾಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1988ರಲ್ಲಿ ಪುತ್ತೂರಿನಲ್ಲಿ ‘ಅಡಿಕೆ ಪತ್ರಿಕೆ’ ಹುಟ್ಟಿತು. ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಕೃಷಿಕ ಶ್ರೀ ಪಡ್ರೆ ಅದನ್ನು ಕಟ್ಟಿದ ಬಗೆ ಸರಳ: ಕೃಷಿಯ ಬಗ್ಗೆ ಕೃಷಿಕನೇ ಬರೆಯಲಿ. ಗೊಬ್ಬರದ ಕಂಪನಿಯೂ ಬೇಡ, ಉಪದೇಶವೂ ಬೇಡ. ಇಂಗುಗುಂಡಿ ತೋಡಿದವನು ಇಂಗುಗುಂಡಿಯ ಬಗ್ಗೆ ಬರೆದ, ಹಲಸಿನ ಹಪ್ಪಳ ಮಾಡಿದವಳು ಹಲಸಿನ ಬಗ್ಗೆ ಬರೆದಳು. ಡಾಬ್ ಡಾಕ್ಟರ ಸೂತ್ರವೂ ಇದೇ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಇನ್ನು ಜಾಹೀರಾತಿಲ್ಲದೆ ಪತ್ರಿಕೆ ಬದುಕುವುದಿಲ್ಲ ಎನ್ನುವವರು 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ಯನ್ನು ನೆನೆಯಬಹುದು. ಓದುಗರ ಕಿಸೆಯ ಚಿಲ್ಲರೆಯಲ್ಲೇ ನಡೆದು ಸರ್ಕಾರಗಳ ಹೊಟ್ಟೆ ಉರಿಸಿತು.

ಓದುಗರು ಎಲ್ಲಿದ್ದಾರೆ ಎಂದು ಕೇಳಬೇಡಿ. ಕೇರಳದ ಶಾಲೆಗಳ ಕಂಪ್ಯೂಟರುಗಳು ನಡೆಯುವುದು ಲಿನಕ್ಸಿನ ಮೇಲೆ. ಪ್ರೌಢಶಾಲೆಗಳಲ್ಲಿ 2018ರಿಂದ ‘ಲಿಟಲ್ ಕೈಟ್ಸ್’ ಎಂಬ ಮಕ್ಕಳ ಕೂಟಗಳಿವೆ. ಮಾವನ ಮನೆಯ ಪಕ್ಕದ ಹುಡುಗಿ ಅದರ ಸದಸ್ಯೆ. ಅಟ್ಟದ ಲಿನಕ್ಸ್ ಸಿಡಿಗಳನ್ನು ಕಂಡು ಅವಳು ನಕ್ಕದ್ದನ್ನು ಮಾವ ಇನ್ನೂ ಕ್ಷಮಿಸಿಲ್ಲ. ಇನ್ನೊಂದು ಸಂಗತಿ ಬೆಂಗಳೂರಿನವರ ಕಿವಿಗೆ ಬೀಳಬೇಕು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕೇರಳ ಸರ್ಕಾರ ಕಂಪ್ಯೂಟರ್ ಪಠ್ಯಪುಸ್ತಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಅಲ್ಲಿ ಕನ್ನಡದಲ್ಲಿ ಹರಿದಾಡುತ್ತದೆ. ಪಠ್ಯ ಮುಗಿಸಿದ ಆ ಮಕ್ಕಳು ಮುಂದೇನು ಓದಬೇಕು?

ಸರಕಿಗೂ ಕೊರತೆಯಿಲ್ಲ. ‘ರ್‍ಯಾಂಕ್’ ಎಂದು ನೆಟ್ಟಗೆ ಮೂಡಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಒತ್ತಬೇಕು ಎಂಬ ರಹಸ್ಯ ಒಂದು ಪುಟ. ಹಳೆಯ ‘ನುಡಿ’ ತಂತ್ರಾಂಶದ ಕಡತವನ್ನು ಇಂದಿನ ಯಂತ್ರದಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಯಾವುದೋ ಲ್ಯಾಟಿನ್ ಶಾಪ ಕಾಣಿಸಿಕೊಳ್ಳುವುದೇಕೆ ಎಂಬುದು ಒಂದು ಪುಟ, ಬಿಡಿಸುವುದು ಹೇಗೆ ಎಂಬುದು ಇನ್ನೊಂದು. ಯೂನಿಕೋಡಿನಲ್ಲಿ ಕನ್ನಡಕ್ಕೆಂದು ಇಟ್ಟ 128 ಸ್ಥಾನಗಳಲ್ಲಿ ಯಾರು ಯಾರು ಕೂತಿದ್ದಾರೆ, ಯಾವುದು ಖಾಲಿ ಎಂಬುದೇ ಒಂದು ಸಂಚಿಕೆಗಾಗುವಷ್ಟು ಪುರಾಣ. ಆನೆ ಬೇಲಿಯ ವಿದ್ಯುತ್ ಪೆಟ್ಟಿಗೆ ಒಂದು ಸೆಕೆಂಡಿಗೊಮ್ಮೆ ಟಕ್ ಎನ್ನುವುದೇಕೆ? ಮೆಣಸಿನ ತೇವ ಅಳೆಯುವ ಯಂತ್ರ ವ್ಯಾಪಾರಿಯ ಅಂಗಡಿಯಲ್ಲಿ ಯಾವಾಗಲೂ ಹೆಚ್ಚೇ ತೋರಿಸುವುದೇಕೆ? ಎರಡನೆಯದು ಎಲೆಕ್ಟ್ರಾನಿಕ್ಸಿಗೆ ಸೇರುತ್ತದೋ ಅರ್ಥಶಾಸ್ತ್ರಕ್ಕೆ ಸೇರುತ್ತದೋ ಸಂಪಾದಕರು ತೀರ್ಮಾನಿಸಲಿ.

ಮಾವನ ಪಂಪಿನದೂ ಒಂದು ಪುಟವಾಗುತ್ತದೆ. ಮಿಸ್ಡ್ ಕಾಲ್ ಕೊಟ್ಟರೆ ಹೊಳೆಬದಿಯ ಪಂಪು ತಿರುಗುವಂತೆ ಒಂದು ಡಬ್ಬ ಜೋಡಿಸಿಕೊಂಡಿದ್ದಾನೆ. ಡಬ್ಬದೊಳಗೊಂದು ಸಿಮ್ಮು. ಆ ಸಿಮ್ಮಿಗೂ ಮುಳ್ಳನ್ಕೊಲ್ಲಿಯ ಕಾಯಿಲೆ ಅಂಟಿದೆ. ಒಮ್ಮೊಮ್ಮೆ ಬೈರಕುಪ್ಪೆಯ ಟವರಿಗೆ ವಾಲಿಕೊಂಡು ಕೇರಳದ ಕರೆಗೆ ಓಗೊಡುವುದಿಲ್ಲ. ಅದಕ್ಕೆ ಅವನು ಹಳೆಯ ಡಿಟಿಎಚ್ ತಟ್ಟೆಯನ್ನು ಹೊಳೆಗೆ ಅಡ್ಡವಾಗಿ ನಿಲ್ಲಿಸಿ ಕರ್ನಾಟಕವನ್ನು ಮರೆಮಾಡಿದ್ದಾನೆ. ಕೆಲಸ ಮಾಡುತ್ತದೆ. ಯಾಕೆ ಎಂದು ವಿವರಿಸಬಲ್ಲವರು ಬರೆಯಬೇಕು.

ಆದ್ದರಿಂದ ನಿಮ್ಮ ಮನೆಯಲ್ಲೂ ಇಂಥ ಕಿತಾಪತಿ ಒಂದಿದ್ದರೆ ಬರೆಯಿರಿ. ಎ4 ಅಳತೆ, ಒಂದೇ ಪುಟ, ಯೂನಿಕೋಡಿನಲ್ಲಿರಲಿ, ಪೀಠಿಕೆ ಬೇಡ. ನಾಲ್ಕು ಗೆಳೆಯರ ನಾಲ್ಕು ಪುಟ ಸೇರಿದರೆ ಪಕ್ಕದ ಜೆರಾಕ್ಸ್ ಅಂಗಡಿಯಲ್ಲೇ ಮೊದಲ ಸಂಚಿಕೆ ಹೊರಡುತ್ತದೆ. ಪಂಪಿನ ಪುಟ ನನ್ನ ಪಾಲಿಗಿರಲಿ, ಉಳಿದ ಮೂರು ನಿಮ್ಮವು.